ತೋಳಿನಿಂದ ತೋಳಿಗೆ ಬಂದ ರಕ್ಷೆ

ಮಾನವಕುಲವನ್ನು ಕಾಡಿದ ರೋಗಗಳು ಅನೇಕ. ಆದರೆ ಮನುಷ್ಯನು ತನ್ನ ಪ್ರಯತ್ನದಿಂದಲೇ ಭೂಮಂಡಲದಿಂದ ಪೂರ್ತಿಯಾಗಿ ಅಳಿಸಿಹಾಕಿದ ಮಾನವರೋಗ ಇಂದಿನವರೆಗೆ ಒಂದೇ ಒಂದು. ಅದು ಸಿಡುಬು. ಈ ರೋಗವನ್ನು ನಮ್ಮ ಶಾಲೆಯ ಮಕ್ಕಳಾರೂ ಕಂಡವರಲ್ಲ. ಪಾಠ ಹೇಳುವ ನಾವೂ ಕಂಡವರಲ್ಲ. ಕಾಣದಿರುವುದೇ ನಮ್ಮ ಭಾಗ್ಯ. ಆ ಭಾಗ್ಯವು ನಮಗೆ ಯಾರಿಂದ, ಯಾವ ದಾರಿಯಾಗಿ ಬಂದಿತೆಂಬುದನ್ನು ತಿಳಿಯುವುದು ಈ ಲೇಖನದ ಉದ್ದೇಶ.

ಕನ್ನಡಿಗರು ಈ ರೋಗವನ್ನು ಸೀಮೆಗೊಂದು ಹೆಸರಿನಿಂದ ಕರೆದರು: ಸಿಡುಬು, ಮೈಲಿ, ದೇವಿ, ಅಮ್ಮ. ನಾವು ನೆಲಸಿರುವ ಈ ಚೆನ್ನೈ ನಗರದ ತಮಿಳರು ಅದನ್ನು ‘ಅಮ್ಮೈ’ ಎಂದರು. ಮೊದಲು ಉರಿಜ್ವರ, ಬೆನ್ನುನೋವು. ಎರಡು ಮೂರು ದಿನಗಳಲ್ಲಿ ಮುಖದ ಮೇಲೆ, ಕೈಕಾಲುಗಳ ಮೇಲೆ ಗುಳ್ಳೆ. ಆ ಗುಳ್ಳೆಗಳಲ್ಲಿ ಕೀವು. ಉಗ್ರವಾದ ಸಿಡುಬು ತಗಲಿದವರಲ್ಲಿ ಸುಮಾರು ಮೂವರಿಗೆ ಒಬ್ಬರು ಸಾಯುತ್ತಿದ್ದರು. ಉಳಿದವರ ಮುಖದಲ್ಲಿ ಕಲೆ ನಿಲ್ಲುತ್ತಿತ್ತು. ಕೆಲವರ ಕಣ್ಣೇ ಹೋಗುತ್ತಿತ್ತು. ಇಂಥ ರೋಗವನ್ನು ಹೆಸರಿಟ್ಟು ಕರೆಯಲೂ ಹೆದರಿ, ತಾಯಿಯೆಂದು ಸಂಬೋಧಿಸಿ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಬೇಡಿಕೊಂಡ ನಮ್ಮ ಹಿರಿಯರನ್ನು ಕಂಡು ನಾವು ನಗಬಾರದು. ಬೇರೆ ಉಪಾಯವಿಲ್ಲದಾಗ ಮನುಷ್ಯನು ಮಾಡಬಹುದಾದುದನ್ನೇ ಅವರು ಮಾಡಿದರು.

ಆದರೆ ಎಲ್ಲ ದೇಶದ ಜನರೂ ಒಂದು ಸಂಗತಿಯನ್ನು ಗಮನಿಸಿದ್ದರು. ಒಮ್ಮೆ ಸಿಡುಬು ಎದ್ದು ಬದುಕಿದವನಿಗೆ ಅದು ಮತ್ತೆ ಬರುತ್ತಿರಲಿಲ್ಲ. ಈ ಅನುಭವದಿಂದ ಹುಟ್ಟಿದ ಉಪಾಯವೊಂದು ಚೀನಾ, ತುರ್ಕಿ, ನಮ್ಮ ಬಂಗಾಳ ಮೊದಲಾದೆಡೆ ಬಳಕೆಯಲ್ಲಿತ್ತು. ಸಿಡುಬಿನ ರೋಗಿಯ ಗುಳ್ಳೆಯಿಂದ ಸ್ವಲ್ಪ ಕೀವನ್ನೋ ಹೊಪ್ಪಳೆಯ ಪುಡಿಯನ್ನೋ ತೆಗೆದು, ಆರೋಗ್ಯವಂತನ ಚರ್ಮಕ್ಕೆ ಚುಚ್ಚುವುದು ಅಥವಾ ಮೂಗಿನೊಳಕ್ಕೆ ಏರಿಸುವುದು. ರೋಗವು ಸಾಮಾನ್ಯವಾಗಿ ಸೌಮ್ಯವಾಗಿ ಬಂದು ಹೋಗುತ್ತಿತ್ತು. ಬಂಗಾಳದ ಈ ಪದ್ಧತಿಯನ್ನು ಕಂಡು ಹಾಲ್ವೆಲ್ ಎಂಬ ಆಂಗ್ಲ ವೈದ್ಯನು ೧೭೬೭ರಲ್ಲಿ ಅದರ ವಿವರವನ್ನು ಪ್ರಕಟಿಸಿದನು. ಈ ಉಪಾಯದಲ್ಲಿ ಎರಡು ದೋಷಗಳಿದ್ದುವು. ಚುಚ್ಚಿಸಿಕೊಂಡವರಲ್ಲಿ ಕೆಲವರು ಸಾಯುತ್ತಿದ್ದರು. ಬದುಕಿದವರಿಂದ ನೆರೆಹೊರೆಗೆ ನಿಜವಾದ ಸಿಡುಬು ಹರಡುತ್ತಿತ್ತು.

ಇಂಗ್ಲೆಂಡಿನ ಬರ್ಕ್ಲಿ ಎಂಬ ಹಳ್ಳಿಯಲ್ಲಿ ೧೭೪೯ರಲ್ಲಿ ಹುಟ್ಟಿದ ಎಡ್ವರ್ಡ್ ಜೆನ್ನರನಿಗೂ ಬಾಲ್ಯದಲ್ಲಿ ಹೀಗೆಯೇ ಸಿಡುಬನ್ನು ಚುಚ್ಚಿದ್ದರು. ಮುಂದೆ ಅವನು ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ಶ್ರೇಷ್ಠ ಶಸ್ತ್ರವೈದ್ಯನ ಶಿಷ್ಯನಾದನು. ಬರಿದೆ ಊಹಿಸುತ್ತ ಕೂರದೆ ಪ್ರಯೋಗ ಮಾಡಿ ನೋಡಬೇಕೆಂಬುದು ಆ ಗುರುವಿನ ಬೋಧೆ. ಓದು ಮುಗಿದ ಮೇಲೆ ಜೆನ್ನರನು ನಗರದಲ್ಲಿ ನಿಲ್ಲದೆ ತನ್ನ ಹಳ್ಳಿಗೇ ಮರಳಿ ವೈದ್ಯವೃತ್ತಿಯನ್ನು ಹಿಡಿದನು. ಕೋಗಿಲೆಯ ಮರಿಯು ಸಾಕುತಾಯಿಯ ಗೂಡಿನಿಂದ ಇತರ ಮರಿಗಳನ್ನು ಹೊರದೂಡುವುದನ್ನು ಕಂಡು ಬರೆದ ಪ್ರಬಂಧದಿಂದ ಅವನಿಗೆ ೧೭೮೯ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ದೊರೆಯಿತು. ನೋಡುವುದೇ ಅವನ ವಿದ್ಯೆ ಎಂದರೆ ತಪ್ಪಾಗದು.

ಹಳ್ಳಿಯಲ್ಲಿ ಸಿಡುಬನ್ನು ಚುಚ್ಚುವಾಗ ಅವನಿಗೆ ಒಂದು ವಿಚಿತ್ರ ಕಂಡಿತು. ಕೆಲವರಿಗೆ ಎಷ್ಟು ಸಲ ಚುಚ್ಚಿದರೂ ರೋಗ ಹತ್ತುತ್ತಿರಲಿಲ್ಲ. ವಿಚಾರಿಸಿದಾಗ ಅವರು ಹಾಲು ಕರೆಯುವವರೆಂದೂ, ಹಸುವಿನ ಕೆಚ್ಚಲಿನ ಮೇಲೆ ಏಳುವ ಗೋಸಿಡುಬು ಹಿಂದೊಮ್ಮೆ ಅವರ ಕೈಗೆ ಅಂಟಿತ್ತೆಂದೂ ತಿಳಿಯಿತು. ಇದು ರೈತರು ಬಲ್ಲ ಮಾತೇ. ಜೆಸ್ಟಿ ಎಂಬ ಬೇಸಾಯಗಾರನು ೧೭೭೪ರಲ್ಲಿಯೇ ತನ್ನ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಗೋಸಿಡುಬಿನ ರಸವನ್ನು ಚುಚ್ಚಿದ್ದನು. ಹಾಗಾದರೆ ಜೆನ್ನರನ ಹಿರಿಮೆ ಎಲ್ಲಿದೆ? ಊರವರ ಮಾತನ್ನು ಹಿಡಿದು, ವರ್ಷಗಟ್ಟಲೆ ಪರೀಕ್ಷಿಸಿ, ಯಾರು ಬೇಕಾದರೂ ಮಾಡಿ ನೋಡುವಂತೆ ಬರೆದಿಟ್ಟನಲ್ಲ, ಅಲ್ಲಿದೆ.

೧೭೯೬ನೆಯ ಇಸವಿ ಮೇ ೧೪ರಂದು ಅವನು ಸಾರಾ ನೆಲ್ಮ್ಸ್ ಎಂಬ ಗೌಳಗಿತ್ತಿಯ ಕೈಮೇಲಿದ್ದ ಗೋಸಿಡುಬಿನ ಹುಣ್ಣಿನಿಂದ ರಸವನ್ನು ತೆಗೆದು, ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಬಾಲಕನ ತೋಳಿನಲ್ಲಿ ಎರಡು ಸಣ್ಣ ಗೀರು ಎಳೆದು ಸೇರಿಸಿದನು. ಹುಡುಗನಿಗೆ ಸ್ವಲ್ಪ ಜ್ವರ ಬಂದು ಇಳಿಯಿತು. ಜುಲೈ ೧ರಂದು ಅದೇ ಬಾಲಕನಿಗೆ ನಿಜವಾದ ಸಿಡುಬಿನ ಕೀವನ್ನೇ ಚುಚ್ಚಿದನು. ರೋಗ ಹತ್ತಲಿಲ್ಲ.

“ಹುಡುಗನಿಗೆ ಹಾಗೆ ಚುಚ್ಚಿದ್ದು ಸರಿಯೇ?” ಎಂದು ತರಗತಿಯಲ್ಲಿ ಮಕ್ಕಳು ನಮ್ಮನ್ನು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಆ ಕಾಲದಲ್ಲಿ ಸಿಡುಬಿನ ಕೀವನ್ನು ಮಕ್ಕಳಿಗೆ ಚುಚ್ಚುವುದು ರೂಢಿಯ ಚಿಕಿತ್ಸೆಯೇ ಆಗಿತ್ತೆಂಬುದನ್ನು ನೆನೆಯಬೇಕು. ಆದರೂ ಇಂದು ಅಂಥ ಪ್ರಯೋಗಕ್ಕೆ ಯಾವ ದೇಶದ ನ್ಯಾಯವೂ ಒಪ್ಪುವುದಿಲ್ಲ. ಇಂದಿನ ಲಸಿಕೆಗಳನ್ನು ಮೊದಲು ಪ್ರಾಣಿಗಳಲ್ಲಿಯೂ, ಬಳಿಕ ಒಪ್ಪಿಗೆ ಕೊಟ್ಟ ಸಾವಿರಾರು ಜನರಲ್ಲಿಯೂ ಪರೀಕ್ಷಿಸುತ್ತಾರೆ. ಫಿಪ್ಸನು ಬದುಕಿ ಬೆಳೆದನು. ಜೆನ್ನರನು ಅವನಿಗೆ ಬಾಡಿಗೆಯಿಲ್ಲದ ಮನೆಯೊಂದನ್ನು ಕೊಟ್ಟನು. ೧೮೨೩ರಲ್ಲಿ ಜೆನ್ನರನು ತೀರಿಕೊಂಡಾಗ ಅವನ ಅಂತ್ಯಕ್ರಿಯೆಗೆ ಬಂದವರಲ್ಲಿ ಫಿಪ್ಸನೂ ಇದ್ದನು.

ತನ್ನ ಶೋಧವು ಹೇಗೆ ನಡೆಯಿತೆಂಬುದನ್ನು ಜೆನ್ನರನು ೧೮೦೧ರಲ್ಲಿ ಕೆಲವೇ ಪುಟಗಳ ಒಂದು ಪುಸ್ತಿಕೆಯಲ್ಲಿ ನೆನೆದು ಬರೆದನು. ಅದರಲ್ಲಿ ಹೊಗಳಿಕೆಗಿಂತ ತೊಡಕುಗಳ ಮಾತೇ ಹೆಚ್ಚು. ಗೋಸಿಡುಬು ಬಂದಿದ್ದವರಲ್ಲಿಯೂ ಕೆಲವರಿಗೆ ಮುಂದೆ ಸಿಡುಬು ಬಂದುದನ್ನು ಕಂಡಾಗ ತನ್ನ ಉತ್ಸಾಹವು ಕುಗ್ಗಿತು, ಆದರೆ ಆರಲಿಲ್ಲ ಎನ್ನುತ್ತಾನೆ. ಹೀಗೇಕಾಯಿತೆಂದು ಹುಡುಕಿದಾಗ, ಕೆಚ್ಚಲಿನ ಮೇಲೆ ಏಳುವ ಗುಳ್ಳೆಗಳೆಲ್ಲ ಒಂದೇ ಜಾತಿಯವಲ್ಲವೆಂದೂ, ನಿಜವಾದ ಗೋಸಿಡುಬಿನ ರಸವೂ ಹಳತಾದರೆ ಗುಣ ಕಳೆದುಕೊಳ್ಳುವುದೆಂದೂ ಅವನಿಗೆ ಹೊಳೆಯಿತು. ತನ್ನ ಮತಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಮುಚ್ಚಿಡದೆ ಅದನ್ನೇ ಬೆನ್ನಟ್ಟಿದುದರಿಂದ ಅವನಿಗೆ ಸತ್ಯ ದೊರಕಿತು. ಪುಸ್ತಿಕೆಯ ಕೊನೆಯಲ್ಲಿ ಅವನು ಒಂದು ದೊಡ್ಡ ಭವಿಷ್ಯವನ್ನು ನುಡಿದನು. ಈ ಪದ್ಧತಿಯ ಕಟ್ಟಕಡೆಯ ಫಲವಾಗಿ ಸಿಡುಬೇ ನಿರ್ನಾಮವಾಗುವುದು ಎಂಬುದೇ ಆ ಮಾತು.

ಆ ಮಾತು ನಿಜವಾಗಲು ಸುಮಾರು ನೂರೆಂಬತ್ತು ವರ್ಷಗಳು ಬೇಕಾದುವು. ಏಕೆಂದರೆ ಒಬ್ಬನು ಕಂಡುಹಿಡಿದರೆ ಸಾಲದು. ಕೋಟಿ ಜನರು ತೋಳು ಚಾಚಬೇಕು. ಆ ತೋಳುಗಳ ಕಥೆಯಲ್ಲಿ ನಮ್ಮ ಮೈಸೂರಿಗೂ ಈ ಮದರಾಸಿಗೂ ಗಣ್ಯವಾದ ಪಾಲಿದೆ.

ಅಂದು ಶೀತಯಂತ್ರಗಳಿರಲಿಲ್ಲ. ಗಾಜಿನಲ್ಲಿಯೋ ದಾರದಲ್ಲಿಯೋ ಒಣಗಿಸಿ ಕಳುಹಿಸಿದ ರಸವು ನಮ್ಮ ಬಿಸಿಲಿನಲ್ಲಿ ಸತ್ತುಹೋಗುತ್ತಿತ್ತು. ವಿಯೆನ್ನಾ ನಗರದ ವೈದ್ಯ ದ ಕಾರೋ ಎಂಬವನ ಪ್ರಯತ್ನದಿಂದ ಅದು ಬಾಗ್ದಾದ್, ಬಸ್ರಾಗಳ ದಾರಿಯಾಗಿ ಕೊನೆಗೆ ಮುಂಬಯಿಗೆ ಜೀವಸಹಿತ ಬಂದಿತು. ೧೮೦೨ರ ಜೂನ್ ೧೪ರಂದು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನಲ್ಲಿ ಅದು ಮೊದಲು ಹತ್ತಿತು. ಅವಳ ತೋಳಿನ ಗುಳ್ಳೆಯ ರಸದಿಂದ ಇನ್ನೈದು ಮಕ್ಕಳಿಗೆ, ಅವರಿಂದ ಮತ್ತೆ ಬೇರೆಯವರಿಗೆ. ಹೀಗೆ ದೀಪದಿಂದ ದೀಪ ಹಚ್ಚುವಂತೆ ತೋಳಿನಿಂದ ತೋಳಿಗೆ ದಾಟುತ್ತ ಅದು ಹೈದರಾಬಾದು, ಕೊಚ್ಚಿ, ಚೆಂಗಲ್ಪಟ್ಟು, ಮದರಾಸು, ಮೈಸೂರುಗಳನ್ನು ಮುಟ್ಟಿತು. ನಡುವೆ ಒಂದು ಕೊಂಡಿ ತಪ್ಪಿದರೂ ದಾರಿ ಅಲ್ಲಿಗೇ ನಿಲ್ಲುತ್ತಿತ್ತು. ಈ ಸರಪಣಿಯ ಕೊಂಡಿಗಳಾದವರಲ್ಲಿ ಹೆಚ್ಚಿನವರು ಮಕ್ಕಳು. ಅವರಲ್ಲಿ ಬಹುಮಂದಿಯ ಹೆಸರುಗಳು ನಮಗೆ ತಿಳಿಯವು.

ಜನರು ಸುಲಭವಾಗಿ ಒಪ್ಪಲಿಲ್ಲ. ಅನ್ಯರ ಮೈಯ ಕೀವು ತಮ್ಮ ಮಗುವಿನ ಮೈಗೆ ಏರುವುದೆಂದರೆ ಮಡಿಮೈಲಿಗೆಯ ಅಂಜಿಕೆ. ಅದನ್ನು ತಂದವರು ಪರದೇಶದ ಆಳರಸರೆಂಬ ಸಂದೇಹ. ತೋಳಿನಿಂದ ರಸ ತೆಗೆಯುವಾಗ ಮಗುವಿಗೆ ಆಗುವ ನೋವು. ಇವೆಲ್ಲ ಬರಿಯ ಮೌಢ್ಯವೆಂದು ತಳ್ಳಿಹಾಕತಕ್ಕುವಲ್ಲ. ಇಂಥ ಸಂದೇಹವನ್ನು ಎದುರಿಸಿದ ಎರಡು ಬಗೆಗಳನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು ಮೈಸೂರಿನದು. ಥಾಮಸ್ ಹಿಕಿ ಎಂಬ ಚಿತ್ರಕಾರನು ೧೮೦೫ರಲ್ಲಿ ಬರೆದ ಮೂವರು ಸ್ತ್ರೀಯರ ಚಿತ್ರವೊಂದಿದೆ. ಅದು ನರ್ತಕಿಯರ ಚಿತ್ರವೆಂದು ಬಹುಕಾಲ ಭಾವಿಸಿದ್ದರು. ನೈಜೆಲ್ ಚಾನ್ಸಲರ್ ಎಂಬ ಚರಿತ್ರಕಾರರು ಪರಿಶೀಲಿಸಿ, ಅವರು ಮೈಸೂರು ಅರಮನೆಯ ಸ್ತ್ರೀಯರೆಂದು ವಾದಿಸಿದ್ದಾರೆ. ಅವರ ಅಭಿಪ್ರಾಯದಂತೆ ಬಲಗಡೆ ನಿಂತಿರುವವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಅವಳು ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ಹೊಸ ದಾಕು ಹಾಕಿಸಿಕೊಂಡ ಜಾಗವನ್ನು ಸೂಚಿಸಲು. ಎಡಗಡೆಯ ರಾಣಿಯ ಮೂಗುಬಾಯಿಗಳ ಸುತ್ತಲಿನ ಮಾಸಿದ ಬಣ್ಣವು, ಮೂಗಿನ ಮೂಲಕ ಸಿಡುಬಿನ ಪುಡಿಯನ್ನು ಏರಿಸುವ ಹಳೆಯ ಪದ್ಧತಿಯ ಗುರುತು. ಹಳೆಯ ಉಪಾಯವೂ ಹೊಸ ಉಪಾಯವೂ ಒಂದೇ ಪಟದಲ್ಲಿ ಅಕ್ಕಪಕ್ಕ ನಿಂತಿವೆ. ರಾಣಿಯೇ ದಾಕು ಹಾಕಿಸಿಕೊಂಡಳೆಂಬ ವಾರ್ತೆಯು ಪ್ರಜೆಗಳಿಗೆ ಧೈರ್ಯ ತಂದಿತೆಂದು ಅವರು ಹೇಳುತ್ತಾರೆ. ತಾನು ಮಾಡಿ ತೋರಿಸಿ ಇತರರನ್ನು ಕರೆಯುವುದು ಒಂದು ಬಗೆ.

ಎರಡನೆಯದು ಮದರಾಸಿನದು. ಇಲ್ಲಿ ಕಂಪೆನಿಯ ಅಧಿಕಾರಿಯಾಗಿದ್ದ ಎಲ್ಲಿಸ್ ಎಂಬವನು ತಮಿಳು ಸಂಸ್ಕೃತಗಳನ್ನು ಚೆನ್ನಾಗಿ ಕಲಿತ ವಿದ್ವಾಂಸ. ತಮಿಳು, ತೆಲುಗು, ಕನ್ನಡಗಳು ಒಂದೇ ಕುಲದ ಭಾಷೆಗಳೆಂದು ೧೮೧೬ರಲ್ಲಿಯೇ ತೋರಿಸಿಕೊಟ್ಟವನು. ಅವನು ಜನರನ್ನು ಒಪ್ಪಿಸಲು ತಮಿಳಿನಲ್ಲಿ ಒಂದು ಕಥೆ ಕಟ್ಟಿದನು. ಅದರಲ್ಲಿ ಶಕ್ತಿದೇವಿಯು ಧನ್ವಂತರಿಗೆ ಗೋಸಿಡುಬಿನ ರಸದ ಮಹಿಮೆಯನ್ನು ಉಪದೇಶಿಸುತ್ತಾಳೆ. ಉದ್ದೇಶ ಒಳ್ಳೆಯದೇ. ಆದರೆ ೧೮೧೯ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಇದೇ ಬಗೆಯ ಉಪದೇಶವು ಪ್ರಾಚೀನ ಸಂಸ್ಕೃತ ಗ್ರಂಥದಲ್ಲಿದೆಯೆಂದು ಕಾಗದವೊಂದು ಅಚ್ಚಾಯಿತು. ಅಂದಿನಿಂದ, ಗೋಸಿಡುಬಿನ ದಾಕು ಭಾರತದಲ್ಲಿ ಮೊದಲೇ ಇದ್ದಿತೆಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹರಡಿತು. ಸಂಸ್ಕೃತ ವೈದ್ಯಗ್ರಂಥಗಳನ್ನು ಬಲ್ಲ ವಿದ್ವಾಂಸರು ಹುಡುಕಿದಾಗ ಅಂಥ ವಚನ ಯಾವ ಪ್ರಾಚೀನ ಗ್ರಂಥದಲ್ಲಿಯೂ ದೊರೆಯಲಿಲ್ಲ. ಸಿಡುಬಿನ ಕೀವನ್ನೇ ಚುಚ್ಚುವ ಪದ್ಧತಿ ನಮ್ಮಲ್ಲಿದ್ದುದು ನಿಜ. ಅದಕ್ಕಾಗಿ ನಾವು ಹೆಮ್ಮೆಪಡಬಹುದು. ಗೋಸಿಡುಬಿನದು ಇದ್ದಿತೆಂಬುದು ನಿಜವಲ್ಲ. ಒಳ್ಳೆಯ ಕೆಲಸಕ್ಕಾಗಿ ಹೇಳಿದ ಸುಳ್ಳು ಕೂಡ ಮುಂದಿನ ಪೀಳಿಗೆಯ ಬುದ್ಧಿಯನ್ನು ದಾರಿ ತಪ್ಪಿಸುತ್ತದೆ.

ಈ ನಡುವೆ ಮದರಾಸು, ಮುಂಬಯಿ, ಕಲ್ಕತ್ತೆಗಳಲ್ಲಿ ಚಂದಾ ಎತ್ತಿ ಜೆನ್ನರನಿಗೆ ಒಟ್ಟು ೭,೦೦೦ ಪೌಂಡುಗಳಿಗೂ ಹೆಚ್ಚು ಹಣವನ್ನು ಕೃತಜ್ಞತೆಯ ಕಾಣಿಕೆಯಾಗಿ ಕಳುಹಿಸಿದರು. ದಾಕಿನ ತೊಡಕು ಮಾತ್ರ ತೀರಿರಲಿಲ್ಲ. ಮಗುವಿನ ತೋಳಿನಿಂದ ರಸ ತೆಗೆಯುವುದು ನಿಂತು, ಕರುವಿನ ಚರ್ಮದ ಮೇಲೆ ಬೆಳೆಸಿ, ಕೆರೆದು ತೆಗೆದು, ಗ್ಲಿಸರಿನ್ನಿನಲ್ಲಿ ಅರೆದು ಇಡುವ ಕ್ರಮ ಬಂದಿತು. ಇದಕ್ಕಾಗಿಯೇ ೧೮೯೯ರಲ್ಲಿ ನಮ್ಮ ಗಿಂಡಿಯಲ್ಲಿ ಸಂಸ್ಥೆಯೊಂದು ಹುಟ್ಟಿತು. ಮದರಾಸು ಪ್ರಾಂತದ ಆರೋಗ್ಯಾಧಿಕಾರಿಯಾಗಿದ್ದ ಡಬ್ಲ್ಯು. ಜಿ. ಕಿಂಗ್ ಅವರ ಹೆಸರನ್ನು ಅದು ಹೊತ್ತಿದೆ. ಅಂದಿನ ಮದರಾಸು ಪ್ರಾಂತದಲ್ಲಿ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳೂ ಸೇರಿದ್ದುವು. ಬಸ್ಸಿನಲ್ಲಿ ಹೋಗುವಾಗ ನೀವು ನೋಡುವ ಕಿಂಗ್ ಸಂಸ್ಥೆಗೂ ಕನ್ನಡ ತೋಳುಗಳಿಗೂ ಹೀಗೆ ಹಳೆಯ ನಂಟು. ಮುಂದೆ ೧೯೬೦ರ ದಶಕದಲ್ಲಿ, ಶೈತ್ಯದಲ್ಲಿ ಒಣಗಿಸಿ ಪುಡಿಮಾಡಿದ, ಬೇಸಗೆಯ ಸೆಕೆಯಲ್ಲಿಯೂ ಕೆಡದ ಲಸಿಕೆ ಬಂದಿತು. ಅದನ್ನು ತಯಾರಿಸಿದ ಭಾರತದ ನಾಲ್ಕು ಕೇಂದ್ರಗಳಲ್ಲಿ ಗಿಂಡಿಯೊಂದು. ನಮ್ಮ ಬೆಳಗಾವಿಯ ಲಸಿಕಾ ಸಂಸ್ಥೆಯೂ ಒಂದು.

ಲಸಿಕೆಯಿಂದ ಪ್ರಯೋಜನವಾಯಿತೆಂಬುದಕ್ಕೆ ಪ್ರಮಾಣವೇನು? ಅದೂ ಈ ಊರಿನಲ್ಲಿಯೇ ದೊರೆಯಿತು. ತೊಂಡಿಯಾರ್‌ಪೇಟೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಡಾಕ್ಟರ್ ಎ. ರಾಮಚಂದ್ರರಾಯರು ವರ್ಷಗಟ್ಟಲೆ ಸಿಡುಬಿನ ರೋಗಿಗಳ ಹಾಸಿಗೆಯ ಬಳಿ ನಿಂತು ಲೆಕ್ಕವಿಟ್ಟರು. ೧೯೭೨ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ೬,೯೪೨ ರೋಗಿಗಳ ವಿವರವಿದೆ. ದಾಕು ಹಾಕಿಸಿಕೊಳ್ಳದವರು ೩,೫೪೪. ಅವರಲ್ಲಿ ನೂರಕ್ಕೆ ಮೂವತ್ತೈದಕ್ಕೂ ಹೆಚ್ಚು ಜನ ಸತ್ತರು. ಎಂದಾದರೊಮ್ಮೆ ಹಾಕಿಸಿಕೊಂಡಿದ್ದವರು ೩,೩೯೮. ಅವರಲ್ಲಿ ಸತ್ತವರು ನೂರಕ್ಕೆ ಆರು. ಎಳೆಯ ಮಿತ್ರರೇ, ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಹಾಕಿಸಿಕೊಂಡವರಲ್ಲಿಯೂ ಕೆಲವರಿಗೆ ರೋಗ ಬಂದಿತು, ಕೆಲವರು ಸತ್ತರು ಎಂಬುದನ್ನು ರಾಯರು ಅಡಗಿಸಲಿಲ್ಲ. ಪೂರ್ತಿ ಲೆಕ್ಕ ಕೊಟ್ಟುದರಿಂದಲೇ ಜಗತ್ತು ಅದನ್ನು ನಂಬಿತು. ಅವರು ಮಾಡಿದ ರೋಗದ ವಿಂಗಡಣೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಸ್ವೀಕರಿಸಿತು.

ಲಸಿಕೆಯು ಕಾಪಾಡುವುದಾದರೂ ಹೇಗೆ? ನಮ್ಮ ರಕ್ತದಲ್ಲಿ ಕಾವಲುಗಾರರಂಥ ಕಣಗಳಿವೆ. ಹೊಸ ಶತ್ರುವಿನ ಗುರುತು ಹಿಡಿದು ಆಯುಧ ಸಜ್ಜುಮಾಡಿಕೊಳ್ಳಲು ಅವುಗಳಿಗೆ ದಿನಗಳು ಬೇಕು. ಗೋಸಿಡುಬಿನ ವೈರಾಣುವು ಸಿಡುಬಿನ ವೈರಾಣುವಿನ ದಾಯಾದಿ. ರೂಪದಲ್ಲಿ ಹೋಲಿಕೆ, ಕ್ರೌರ್ಯದಲ್ಲಿ ಕಡಮೆ. ದಾಯಾದಿಯೊಡನೆ ಹೋರಾಡಿದ ಕಾವಲುಗಾರರು ಆ ಮುಖವನ್ನು ಮರೆಯುವುದಿಲ್ಲ. ನಿಜವಾದ ಶತ್ರು ಬಂದಾಗ ತಡಮಾಡದೆ ಎದ್ದುನಿಲ್ಲುತ್ತಾರೆ. ಸಿಡುಬು ತಗಲಿ ಜ್ವರ ಕಾಣಿಸಲು ಸಾಮಾನ್ಯವಾಗಿ ಹತ್ತು ಹನ್ನೆರಡು ದಿನಗಳು ಹಿಡಿಯುತ್ತಿದ್ದುದರಿಂದ, ತಗಲಿದ ಮೂರು ನಾಲ್ಕು ದಿನಗಳೊಳಗೆ ದಾಕು ಹಾಕಿದರೂ ಕಾವಲುಗಾರರೇ ಮುಂದಾಗುತ್ತಿದ್ದರು.

ಕೊನೆಯ ಹೋರಾಟದಲ್ಲಿ ಉಪಯೋಗಕ್ಕೆ ಬಂದುದು ಈ ತಿಳಿವಳಿಕೆಯೇ. ಸಿಡುಬಿನ ವೈರಾಣುವಿಗೆ ಮನುಷ್ಯನ ಹೊರತು ಬೇರೆ ಮನೆಯಿಲ್ಲ. ರೋಗಿಯನ್ನು ಬೇಗನೆ ಪತ್ತೆಮಾಡಿ, ಅವನ ಸುತ್ತಲಿನ ಎಲ್ಲರಿಗೂ ದಾಕು ಹಾಕಿಬಿಟ್ಟರೆ ಅದಕ್ಕೆ ಮುಂದಿನ ಹೆಜ್ಜೆಯಿಡಲು ನೆಲವೇ ಇರುವುದಿಲ್ಲ. ೧೯೭೪ರಲ್ಲಿ ಭಾರತದಲ್ಲಿ ೧,೮೦,೦೦೦ಕ್ಕೂ ಹೆಚ್ಚು ಜನರಿಗೆ ಸಿಡುಬು ಬಂದಿತು. ಆರೋಗ್ಯ ಕಾರ್ಯಕರ್ತರು ಎರಡು ಮೊನೆಯ ಪುಟ್ಟ ಸೂಜಿಗಳನ್ನು ಹಿಡಿದು ಹಳ್ಳಿಹಳ್ಳಿಯ ಮನೆಮನೆಗೆ ಹೋದರು. ಒಂದೇ ವರ್ಷದಲ್ಲಿ, ೧೯೭೫ರ ಮೇ ತಿಂಗಳಿನಲ್ಲಿ, ನಮ್ಮ ದೇಶದ ಕೊನೆಯ ರೋಗಿ ಕಂಡುಬಂದರು. ೧೯೭೭ರ ಅಕ್ಟೋಬರಿನಲ್ಲಿ ಸೊಮಾಲಿಯಾ ದೇಶದ ಅಲಿ ಮಾವ್ ಮಾಲಿನ್ ಎಂಬವನಿಗೆ ಬಂದುದೇ ಜಗತ್ತಿನಲ್ಲಿ ಸಹಜವಾಗಿ ಬಂದ ಕೊನೆಯ ಸಿಡುಬು. ೧೯೮೦ರ ಮೇ ೮ರಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆಯು ಸಿಡುಬು ನಿರ್ನಾಮವಾಯಿತೆಂದು ಘೋಷಿಸಿತು. ಜೆನ್ನರನ ಭವಿಷ್ಯವಾಣಿ ಫಲಿಸಿತು.

ಇಂದು ಸಿಡುಬಿಗೆ ದಾಕು ಹಾಕಿಸಿಕೊಳ್ಳಬೇಕಾಗಿಲ್ಲ. ನಮ್ಮ ನಿಮ್ಮ ತೋಳಿನಲ್ಲಿ ಕಲೆಯಿದ್ದರೆ ಅದು ಕ್ಷಯರೋಗಕ್ಕೆ ಹಾಕಿದ ಬಿ.ಸಿ.ಜಿ. ಲಸಿಕೆಯದು. ಈ ನಗರದಲ್ಲಿ ಈಗಲೂ ಬೇಸಗೆಯಲ್ಲಿ ಮಕ್ಕಳಿಗೆ ‘ಅಮ್ಮೈ’ ಬಂದು, ಬಾಗಿಲಿಗೆ ಬೇವು ಕಟ್ಟುವುದನ್ನು ನೀವು ಕಂಡಿರಬಹುದು. ಅದು ಬಹುಮಟ್ಟಿಗೆ ಸೀತಾಳೆ ಸಿಡುಬು ಅಥವಾ ದಡಾರ. ಅಳಿದುಹೋದ ಆ ಸಿಡುಬಲ್ಲ. ಆದರೆ ದಡಾರ ಇಂದಿಗೂ ಮಕ್ಕಳನ್ನು ಕೊಲ್ಲಬಲ್ಲದು, ಲಸಿಕೆಯಿಂದ ಅದನ್ನು ತಡೆಯಬಹುದು. ೨೦೧೧ರ ಜನವರಿಯ ಬಳಿಕ ನಮ್ಮ ದೇಶದಲ್ಲಿ ಕಾಡುಪೋಲಿಯೋ ಕಾಣಿಸಿಲ್ಲವಾದರೂ ಹನಿ ಹಾಕಿಸುವುದನ್ನು ನಿಲ್ಲಿಸಿಲ್ಲ, ಏಕೆಂದರೆ ಅದು ಜಗತ್ತಿನಿಂದ ಇನ್ನೂ ಅಳಿದಿಲ್ಲ.

ಲಸಿಕೆಯ ವಿಷಯದಲ್ಲಿ ಅಕ್ಕಪಕ್ಕದವರು ಸಂದೇಹಪಟ್ಟರೆ ಅವರನ್ನು ಹೀಯಾಳಿಸಬೇಡಿ. ಒಳ್ಳೆಯದಕ್ಕೆಂದು ಕಥೆ ಕಟ್ಟಲೂ ಬೇಡಿ. ಕಿವಿಗೊಟ್ಟು ಕೇಳಿ, ತೊಂಡಿಯಾರ್‌ಪೇಟೆಯ ಲೆಕ್ಕವನ್ನು ಹೇಳಿ, ತಿಳಿಯದಿದ್ದರೆ ವೈದ್ಯರನ್ನು ಕೇಳೋಣವೆನ್ನಿ. ಮತ್ತೊಂದು ಕೆಲಸ. ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಅಜ್ಜಿಯ, ತಾತನ ಮೇಲ್ದೋಳನ್ನು ನೋಡಿ. ಅಲ್ಲಿ ಕಾಸಿನಗಲದ ಹಳೆಯ ಕಲೆಯೊಂದಿರಬಹುದು. ಯಾರು ದಾಕು ಹಾಕಿದರು, ಎಲ್ಲಿ, ಎಷ್ಟು ನೋವಾಯಿತು, ಮನೆಯಲ್ಲಿ ಯಾರಿಗಾದರೂ ಆ ರೋಗ ಬಂದಿತ್ತೇ ಎಂದು ವಿಚಾರಿಸಿ, ಅವರ ಮಾತಿನಲ್ಲಿಯೇ ಬರೆದುಕೊಂಡು ಬನ್ನಿ. ಆ ಕಲೆ ಹೊತ್ತವರು ವರ್ಷ ವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಶಾಲೆ ತೆರೆದ ಮೇಲೆ ನಿಮ್ಮ ಬರೆಹಗಳನ್ನು ತರಗತಿಯಲ್ಲಿ ಓದಿಸೋಣ.